ಪಟಾನ್‌ಚೆರುವಿನ ಮಾಲ್, ನ್ಯಾಲ್ಕಲ್‌ನ ಹೊಲ

ತೆಲಂಗಾಣ ಸರ್ಕಾರ 2025ರ ನವೆಂಬರ್‌ನಲ್ಲಿ ಒಂದು ಆದೇಶ ಹೊರಡಿಸಿತು. ಹೈದರಾಬಾದಿನ ಹೊರವರ್ತುಲ ರಸ್ತೆಯ ಒಳಗೆ ಮತ್ತು ಅದರ ಅಂಚಿನಲ್ಲಿರುವ 22 ಕೈಗಾರಿಕಾ ಪ್ರದೇಶಗಳ 9,292 ಎಕರೆ ನೆಲವನ್ನು ಇನ್ನು ಕಾರ್ಖಾನೆಗೇ ಮೀಸಲಿಡಬೇಕಿಲ್ಲ. ಮಾಲೀಕರು ಶುಲ್ಕ ಕಟ್ಟಿ ಅಲ್ಲಿ ಕಚೇರಿ, ಮಾಲ್, ಅಪಾರ್ಟ್‌ಮೆಂಟ್, ಹೋಟೆಲ್, ಆಸ್ಪತ್ರೆ ಏನು ಬೇಕಾದರೂ ಕಟ್ಟಬಹುದು. ಇದರ ಹೆಸರು ಹೈದರಾಬಾದ್ ಇಂಡಸ್ಟ್ರಿಯಲ್ ಲ್ಯಾಂಡ್ಸ್ ಟ್ರಾನ್ಸ್‌ಫರ್ಮೇಷನ್ ಪಾಲಿಸಿ. ಜನರ ಬಾಯಲ್ಲಿ, ಪತ್ರಿಕೆಗಳಲ್ಲಿ ‘ಹಿಲ್ಟ್’. ಬಾಲಾನಗರ, ಸನತ್‌ನಗರ, ಜೀಡಿಮೆಟ್ಲ, ಉಪ್ಪಲ್, ನಾಚಾರಂ, ಕಾಟೇದಾನ್, ಪಟಾನ್‌ಚೆರು ಎಲ್ಲವೂ ಪಟ್ಟಿಯಲ್ಲಿವೆ.

ಪಟಾನ್‌ಚೆರುವಿನಿಂದ ಅದೇ ಮುಂಬೈ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟು ಜಹೀರಾಬಾದ್ ಮುಟ್ಟಿದರೆ ಇನ್ನೊಂದು ಅಂಕಿ ಎದುರಾಗುತ್ತದೆ: 12,635 ಎಕರೆ. ನ್ಯಾಲ್ಕಲ್ ಮತ್ತು ಝರಾಸಂಗಂ ಮಂಡಲಗಳ 17 ಹಳ್ಳಿಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆಂದು, ಅಂದರೆ ನಿಮ್ಜ್‌ಗೆಂದು, ಗುರುತು ಮಾಡಿದ ಹೊಲ. ಕೇಂದ್ರದ ಅಂತಿಮ ಒಪ್ಪಿಗೆ 2016ರಲ್ಲೇ ಸಿಕ್ಕಿದೆ. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ದೇಶದಲ್ಲಿ 12 ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಾಗ ಜಹೀರಾಬಾದ್ ಅದರಲ್ಲೊಂದಾಯಿತು. ಮೊದಲ ಹಂತಕ್ಕೆ 3,245 ಎಕರೆ, 2,361 ಕೋಟಿ ರೂಪಾಯಿ.

ಒಂದೇ ರಸ್ತೆ. ಒಂದು ತುದಿಯಲ್ಲಿ ಕಾರ್ಖಾನೆಯ ನೆಲ ಅಂಗಡಿ-ಕಚೇರಿಗಳ ನೆಲವಾಗುತ್ತಿದೆ, ಇನ್ನೊಂದು ತುದಿಯಲ್ಲಿ ಜೋಳ ಬೆಳೆಯುವ ನೆಲ ಕಾರ್ಖಾನೆಯದಾಗುತ್ತಿದೆ. ಇವೆರಡನ್ನೂ ಬೇರೆ ಬೇರೆ ಸುದ್ದಿಯಾಗಿ ಓದುವುದು ನಮಗೆ ರೂಢಿಯಾಗಿದೆ. ಒಟ್ಟಿಗೆ ಓದಬೇಕು ಎಂಬುದು ಈ ಲೇಖನದ ಮಾತು.

ಗಡಿಯ ಈಚೆಗಿನ ಕರ್ನಾಟಕದ ನಮಗೆ ಇದು ಪರರಾಜ್ಯದ ಸಂಗತಿಯಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಕಲಬುರಗಿ ಜಿಲ್ಲೆಯದು. ರಾಜ್ಯ ಪುನರ್‌ವಿಂಗಡಣೆಯಲ್ಲಿ ಜಹೀರಾಬಾದ್ ತಾಲ್ಲೂಕು ಆಂಧ್ರಕ್ಕೆ ಹೋಯಿತು, ಅದರ ನಿರ್ಣಾ ಸರ್ಕಲ್ ಮಾತ್ರ ಇಲ್ಲೇ ಉಳಿಯಿತು. ಬೀದರ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಆಚೆ ಹೋಯಿತು. ನಕ್ಷೆಯಲ್ಲಿ ಗೆರೆ ಬಿದ್ದರೂ ಬೀಗತನ ಬಿಡಲಿಲ್ಲ. ನ್ಯಾಲ್ಕಲ್‌ನ ಹಳ್ಳಿಗಳಲ್ಲಿ ಇವತ್ತಿಗೂ ಮನೆಯೊಳಗೆ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ. ನಾರಾಯಣಖೇಡದ ನೀರಾವರಿಗೆ 2022ರಲ್ಲಿ ಅಡಿಗಲ್ಲು ಬಿದ್ದ ಏತ ಯೋಜನೆಯ ಹೆಸರು ಬಸವೇಶ್ವರ. ಜಹೀರಾಬಾದ್ ಕಡೆಯದರ ಹೆಸರು ಸಂಗಮೇಶ್ವರ.

ಈ ಊರುಗಳಿಂದ ಎರಡು ತಲೆಮಾರು ಕೂಲಿ ಹುಡುಕಿ ಹೋದದ್ದು ಪಟಾನ್‌ಚೆರು ಕಡೆಗೇ. ರಾಮಚಂದ್ರಾಪುರದ ಬಿಎಚ್‌ಇಎಲ್, ಅದರ ಸುತ್ತ ಎದ್ದ ಸಣ್ಣ ಎಂಜಿನಿಯರಿಂಗ್ ಶೆಡ್‌ಗಳು, 1970-80ರ ದಶಕಗಳಲ್ಲಿ ಸಾಲುಗಟ್ಟಿದ ಔಷಧ ಮತ್ತು ರಾಸಾಯನಿಕ ಘಟಕಗಳು. ಬೀದರ ಬಸ್ಸಿನಲ್ಲಿ ಹೈದರಾಬಾದಿಗೆ ಹೋಗುವವರಿಗೆ ‘ಆಲ್ವಿನ್’ ಎಂಬ ಸ್ಟಾಪ್ ಗೊತ್ತು. ಆಲ್ವಿನ್ ನಿಜಾಮರ ಕಾಲದಲ್ಲಿ, 1942ರಲ್ಲಿ ಹುಟ್ಟಿದ ಕಂಪನಿ. ಬಸ್ಸಿನ ಬಾಡಿ, ಫ್ರಿಜ್, ಕೈಗಡಿಯಾರ ಮಾಡುತ್ತಿತ್ತು. ಕಂಪನಿ ಹೋಗಿ ಮೂರು ದಶಕವಾಯಿತು, ಹೆಸರು ಮಾತ್ರ ಕಾಲೊನಿಗೂ ಕ್ರಾಸಿಗೂ ಅಂಟಿಕೊಂಡಿದೆ. ಆದರೆ ಅದೇ ಆಲ್ವಿನ್ 1980ರ ದಶಕದಲ್ಲಿ ಜಪಾನಿನ ನಿಸ್ಸಾನ್ ಜೊತೆ ಸೇರಿ ಜಹೀರಾಬಾದಿನಲ್ಲಿ ಹಾಕಿದ ಲಘು ಟ್ರಕ್ ಕಾರ್ಖಾನೆ ಉಳಿದಿದೆ. ಮಹೀಂದ್ರ ಅದನ್ನು ಕೊಂಡಿತು. ಮುಂದೆ ಅಲ್ಲಿ ಟ್ರ್ಯಾಕ್ಟರೂ ತಯಾರಾಗತೊಡಗಿತು. ಬೆಲೆ ಏರಿದ ನಗರದ ನಡುವೆ ತಾಯಿ ಕಂಪನಿ ಕರಗಿತು, ಬೆಲೆ ಏರದ ಊರಿನಲ್ಲಿ ಮರಿ ಕಾರ್ಖಾನೆ ಬಾಳಿತು. ಆಲ್ವಿನ್ ಮುಚ್ಚಿದ್ದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಹೈದರಾಬಾದಿನಂಥ ನಗರದಲ್ಲಿ ಯಂತ್ರ ತೆಗೆಯುವ ಲಾಭಕ್ಕಿಂತ ಕಾಲಡಿಯ ನೆಲ ತರುವ ಲಾಭ ದೊಡ್ಡದಾದ ದಿನದಿಂದ ಕಾರ್ಖಾನೆ ನಡೆಸುವ ಮನಸ್ಸು ಸಡಿಲವಾಗುತ್ತದೆ.

ಹಳೇ ಕಾರ್ಖಾನೆಯ ನೆಲಕ್ಕೆ ಬಿಲ್ಡರ್‌ಗಳು ಯಾಕೆ ಮುಗಿಬೀಳುತ್ತಾರೆ? ಒಂದೇ ಮಾಲೀಕನ ಹೆಸರಲ್ಲಿ ಐದು, ಹತ್ತು, ನಲವತ್ತು ಎಕರೆ ಒಟ್ಟಿಗೆ ಸಿಗುವುದು ನಗರದೊಳಗೆ ಇನ್ನೆಲ್ಲೂ ಸಾಧ್ಯವಿಲ್ಲ. ಲಾರಿ ತಿರುಗಲೆಂದು ಮಾಡಿದ ಅಗಲ ರಸ್ತೆ ಇರುತ್ತದೆ. ಹೈಟೆನ್ಷನ್ ಲೈನ್, ಸಬ್‌ಸ್ಟೇಷನ್, ದೊಡ್ಡ ನೀರಿನ ಪೈಪು ಬಾಗಿಲಿಗೇ ಬಂದಿರುತ್ತವೆ. ದಾಖಲೆ ಸರ್ಕಾರದ್ದಾದ್ದರಿಂದ ವಾರಸುದಾರರ ತಕರಾರು ಕಡಿಮೆ. ಮೇಲಾಗಿ ಹೈದರಾಬಾದಿನಲ್ಲಿ 2006ರಿಂದ ಎಫ್‌ಎಸ್‌ಐ ಮಿತಿಯೇ ಇಲ್ಲ. ನಿವೇಶನ ಇಷ್ಟಿದ್ದರೆ ಇಷ್ಟೇ ಕಟ್ಟಬೇಕೆಂಬ ಲೆಕ್ಕ ಬೇರೆ ನಗರಗಳಲ್ಲಿದೆ, ಅಲ್ಲಿ ಇಲ್ಲ. ರಸ್ತೆ ಅಗಲ, ಸುತ್ತ ಬಿಡುವ ಜಾಗ ಸರಿಯಿದ್ದರೆ ಎತ್ತರಕ್ಕೆ ಏರಬಹುದು. ಶೀಟಿನ ಶೆಡ್ ನಿಂತಿದ್ದ ಎಕರೆಯ ಮೇಲೆ ಮೂವತ್ತು ಮಹಡಿ ಬರುತ್ತದೆಂದರೆ ಆ ಎಕರೆಯ ಬೆಲೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರು ಈ ದಾರಿಯನ್ನು ಮೊದಲೇ ನಡೆದಿದೆ. ಮಲ್ಲೇಶ್ವರದಲ್ಲಿ ಜನ ರಾಜಾ ಮಿಲ್ ಎಂದು ಕರೆಯುತ್ತಿದ್ದ ನೂಲಿನ ಗಿರಣಿಯ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. ಈಗ ಮೆಟ್ರೊ ನಿಲ್ದಾಣಕ್ಕೂ ಮಾಲಿನದೇ ಹೆಸರು. ರಾಜಾಜಿನಗರದ ಅಂಚಿನಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ನೆಲದ ಮೇಲೆ ಬ್ರಿಗೇಡ್ ಗೇಟ್‌ವೇ, ವರ್ಲ್ಡ್ ಟ್ರೇಡ್ ಸೆಂಟರ್, ಒರಾಯನ್ ಮಾಲ್ ನಿಂತಿವೆ. ವಿಠ್ಠಲ ಮಲ್ಯ ರಸ್ತೆಯ ಬಿಯರ್ ಕಾರ್ಖಾನೆ ಯುಬಿ ಸಿಟಿಯಾಯಿತು. ಕಾನೂನು ಓದುವ ಪ್ರತಿ ಹುಡುಗನಿಗೂ ಮಿನರ್ವಾ ಮಿಲ್ಸ್ ಗೊತ್ತು: ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುಟ್ಟಬಾರದೆಂದು 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೆಂಗಳೂರಿನ ಆ ಬಟ್ಟೆ ಗಿರಣಿಯ ದಾವೆಯಲ್ಲೇ. ತೀರ್ಪು ಜಗತ್ತಿನಾದ್ಯಂತ ಓದಿಸಿಕೊಳ್ಳುತ್ತಿದೆ, ಗಿರಣಿ ಇಲ್ಲ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 2002ರಲ್ಲಿ ಮುಚ್ಚಿದ ಮೇಲೆ ನೂರಕ್ಕೂ ಹೆಚ್ಚು ಎಕರೆ ಸರ್ಕಾರದ ಕೈಯಲ್ಲೇ ಉಳಿಯಿತು. ಶೆಡ್‌ಗಳ ನಡುವೆ ತಾವಾಗಿ ಬೆಳೆದ ಮರಗಳು ಎಷ್ಟೆಂದರೆ, ಈಗ ಅಲ್ಲಿ ವೃಕ್ಷೋದ್ಯಾನದ ಮಾತು ನಡೆದಿದೆ. ಸರ್ಕಾರದ ನೆಲ ಸರ್ಕಾರದಲ್ಲೇ ಉಳಿದದ್ದರಿಂದ ಈ ಮಾತಿಗಾದರೂ ಜಾಗವಿದೆ.

ಮಾಲ್ ಬರಬಾರದು ಎಂದು ನಾನು ವಾದಿಸುತ್ತಿಲ್ಲ. ಊರ ನಡುವೆ ಬೀಗ ಹಾಕಿ ಕೂತ ಕಾರ್ಖಾನೆಯಿಂದ ಯಾರಿಗೂ ಉಪಯೋಗವಿಲ್ಲ. ಜನವಸತಿ ಸುತ್ತುವರಿದ ಮೇಲೆ ಅಲ್ಲಿ ರಿಯಾಕ್ಟರ್ ನಡೆಸುವುದೂ ಸರಿಯಲ್ಲ. 2025ರ ಜೂನ್ 30ರಂದು ಪಟಾನ್‌ಚೆರು ಬಳಿಯ ಪಾಶಮೈಲಾರಂನ ಔಷಧ ಘಟಕದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅಂಥ ಘಟಕ ಮನೆಗಳ ಪಕ್ಕ ಇರಲಿ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ನನ್ನ ತಕರಾರು ಎರಡು ಲೆಕ್ಕಗಳ ಬಗ್ಗೆ. ದುಡ್ಡಿನ ಲೆಕ್ಕ, ಮಣ್ಣಿನ ಲೆಕ್ಕ.

ದುಡ್ಡಿನದು ಮೊದಲು. ಈ ಕೈಗಾರಿಕಾ ಪ್ರದೇಶಗಳ ಬಹುಪಾಲು ನೆಲ ಒಂದು ಕಾಲಕ್ಕೆ ರೈತರದು. ಉದ್ಯೋಗ ಬರುತ್ತದೆಂಬ ಮಾತಿನ ಮೇಲೆ ಸರ್ಕಾರ ಅದನ್ನು ಅಗ್ಗದಲ್ಲಿ ವಶಪಡಿಸಿಕೊಂಡು ಉದ್ಯಮಿಗಳಿಗೆ ಅಗ್ಗದಲ್ಲೇ ಕೊಟ್ಟಿತು. ಉದ್ಯೋಗವೇ ಆ ನೆಲಕ್ಕೆ ಕಟ್ಟಿದ ಬೆಲೆ. ಈಗ ಕಾರ್ಖಾನೆ ಬೇಡ, ನೆಲದ ಬಳಕೆ ಬದಲಿಸಿ ಎಂದರೆ ಏರಿದ ಬೆಲೆ ಯಾರಿಗೆ ಸೇರಬೇಕು? ಹಿಲ್ಟ್ ಪ್ರಕಾರ ಮಾಲೀಕರು ಸರ್ಕಾರಿ ಮಾರ್ಗಸೂಚಿ ಬೆಲೆಯ ಶೇ 30ರಷ್ಟು ಶುಲ್ಕ ಕಟ್ಟಬೇಕು. 80 ಅಡಿ ಅಥವಾ ಹೆಚ್ಚು ಅಗಲದ ರಸ್ತೆಗೆ ತಾಗಿದ್ದರೆ ಶೇ 50. ಮಾರ್ಗಸೂಚಿ ಬೆಲೆಗೂ ಸಂತೆಯ ಬೆಲೆಗೂ ಇರುವ ಅಂತರ ಸೈಟು ಕೊಂಡವರಿಗೆಲ್ಲ ಗೊತ್ತು. ವಿರೋಧ ಪಕ್ಷಗಳು ಇದನ್ನು ಹಗರಣವೆಂದವು. ಮಾಲಿನ್ಯ ಹೊರಹಾಕಲು ಇದೇ ದಾರಿಯೆಂದು ಸರ್ಕಾರ ಹೇಳಿತು. ಹಗರಣವೋ ಅಲ್ಲವೋ, ನೆಲ ಕೊಟ್ಟ ಹಳ್ಳಿಗೆ, ಕೆಲಸ ಕಳೆದುಕೊಳ್ಳುವ ಕಾರ್ಮಿಕನಿಗೆ ಆ ಶುಲ್ಕದಲ್ಲಿ ಇಷ್ಟೆಂದು ಪಾಲು ಬರೆಯಬೇಕಿತ್ತು.

ಮುಂಬೈ 1991ರಲ್ಲಿ ಇಂಥ ಪಾಲನ್ನು ಬರೆದಿತ್ತು. ಬಟ್ಟೆ ಗಿರಣಿಯ ನೆಲ ಬಿಡಿಸಿದರೆ ಮೂರರಲ್ಲಿ ಒಂದು ಪಾಲು ನಗರಕ್ಕೆ ಮೈದಾನವಾಗಿ, ಒಂದು ಪಾಲು ಗೃಹಮಂಡಳಿಗೆ ಬಡವರ ಮನೆಗಾಗಿ, ಉಳಿದ ಪಾಲು ಮಾಲೀಕನಿಗೆ. 2001ರಲ್ಲಿ ನಿಯಮ ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಹಂಚಿಕೆ ಎಂದು ಮಾಡಿದರು. ಗಿರಣಿಯೆಂದರೆ ಬಹುಪಾಲು ಕಟ್ಟಡವೇ. ಹಂಚಲು ಉಳಿದದ್ದು ಚೂರು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ಸ್, ಕಮಲಾ ಮಿಲ್ಸ್ ಎಂಬ ಹೆಸರುಗಳು ಊಟ-ತಿರುಗಾಟದ ವಿಳಾಸಗಳಾಗಿ ಉಳಿದವು. ಒಂದು ಸಾಲಿನ ತಿದ್ದುಪಡಿ ನಗರದ ಮೈದಾನಗಳನ್ನು ಹೇಗೆ ನುಂಗಿತೆಂಬುದನ್ನು ಹೈದರಾಬಾದೂ ಬೆಂಗಳೂರೂ ಓದಬೇಕು.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಈ ನ್ಯಾಯದ ಒಂದು ಎಳೆಯಿದೆ. ಅದರ 102ನೇ ಕಲಂ ಪ್ರಕಾರ, ಸ್ವಾಧೀನವಾದ ನೆಲವನ್ನು ಅಭಿವೃದ್ಧಿ ಮಾಡದೆ ಹಾಗೆಯೇ ಮಾರಿದರೆ ಏರಿದ ಬೆಲೆಯ ಶೇ 40 ಮೂಲ ರೈತರಿಗೆ ಅಥವಾ ಅವರ ವಾರಸುದಾರರಿಗೆ ಸೇರಬೇಕು. ಪಟಾನ್‌ಚೆರುವಿನ ನೆಲ ಹೋದದ್ದು ಹಳೇ ಕಾಯ್ದೆಯ ಕಾಲದಲ್ಲಿ, ಅಲ್ಲಿಯವರಿಗೆ ಇದು ದಕ್ಕದು. ಆದರೆ ರೈತನಿಂದ ಒಂದು ಕಾರಣಕ್ಕೆ ಪಡೆದ ನೆಲ ಇನ್ನೊಂದು ಕಾರಣಕ್ಕೆ ಚಿನ್ನವಾದಾಗ ಅವನಿಗೂ ಪಾಲಿದೆ ಎಂಬ ತತ್ವವನ್ನು ಸಂಸತ್ತೇ ಒಪ್ಪಿದೆ. ಬಳಕೆ ಬದಲಾವಣೆಗೂ ಅದನ್ನು ವಿಸ್ತರಿಸಲು ಯಾವ ಅಡ್ಡಿಯೂ ಇಲ್ಲ.

ಇನ್ನು ಮಣ್ಣು. ಬಟ್ಟೆ ಗಿರಣಿಯ ನೆಲಕ್ಕೂ ಔಷಧ ಕಾರ್ಖಾನೆಯ ನೆಲಕ್ಕೂ ಬಹಳ ವ್ಯತ್ಯಾಸವಿದೆ. ಪಟಾನ್‌ಚೆರುವಿನಲ್ಲಿ ದಶಕಗಟ್ಟಲೆ ದ್ರಾವಕ, ಆಮ್ಲ, ಲವಣ ನೆಲಕ್ಕಿಳಿದಿವೆ. ಅಲ್ಲಿಯ ನಕ್ಕವಾಗು ಹಳ್ಳ ಹರಿದು ಸೇರುವುದು ಮಂಜೀರಾ ನದಿಗೆ, ನಮ್ಮ ಬೀದರನ್ನು ಬಳಸಿ ಹೋಗುವ ಅದೇ ಮಂಜೀರಾಗೆ. ಹಳ್ಳದ ದಂಡೆಯ ರೈತರ ಪರವಾಗಿ ಡಾ. ಅಲ್ಲಾಣಿ ಕಿಶನ್ ರಾವ್ ಎಂಬ ವೈದ್ಯರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿ ಜೋಕಿಮ್ ಲಾರ್ಸನ್ ತಂಡ ಪಟಾನ್‌ಚೆರುವಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬಿಟ್ಟ ನೀರನ್ನು ಪರೀಕ್ಷಿಸಿತು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಒಂದು ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಕ್ಕಿತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಬಗ್ಗೆ ಜಗತ್ತು ಮಾತಾಡುವಾಗ ಇವತ್ತಿಗೂ ಪಟಾನ್‌ಚೆರುವಿನ ಹೆಸರು ಬರುತ್ತದೆ. 2009ರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತೀವ್ರ ಮಲಿನ ಪ್ರದೇಶಗಳ ಪಟ್ಟಿಯಲ್ಲೂ ಪಟಾನ್‌ಚೆರು-ಬೊಲ್ಲಾರಂ ಇತ್ತು.

ಇಂಥ ನೆಲದ ಮೇಲೆ ಫುಡ್‌ಕೋರ್ಟು, ಮಕ್ಕಳ ಆಟದ ಅಂಗಳ ಕಟ್ಟುವ ಮೊದಲು ಆಗಬೇಕಾದ ಕೆಲಸ ದೊಡ್ಡದು. ಅಲ್ಲಲ್ಲಿ ಬೋರು ಕೊರೆದು ಬೇರೆ ಬೇರೆ ಆಳದ ಮಣ್ಣು ತೆಗೆಯಬೇಕು. ಸೀಸ, ಪಾದರಸ, ಕ್ರೋಮಿಯಂ, ದ್ರಾವಕಗಳ ಅಂಶ ಅಳೆಯಬೇಕು. ಅಂತರ್ಜಲ ಯಾವ ದಿಕ್ಕಿಗೆ ಹರಿಯುತ್ತದೆಂದು ನೋಡಬೇಕು. ಕೆಟ್ಟ ಮಣ್ಣನ್ನು ತೊಳೆಯಬೇಕು ಅಥವಾ ತೆಗೆದು ಸುರಕ್ಷಿತ ಗುಂಡಿಗೆ ಸಾಗಿಸಬೇಕು. ಬಿಲ್ಡರ್ ಪಾಯ ತೋಡಿ ಆ ಮಣ್ಣನ್ನು ಟಿಪ್ಪರಿನಲ್ಲಿ ತುಂಬಿ ಯಾವುದೋ ಕೆರೆಯಂಗಳಕ್ಕೆ ಸುರಿದರೆ ವಿಷ ಊರೂರಿಗೆ ಹಂಚಿದಂತೆ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಲ್ಲಿಯ ಪಾದರಸದ ಮಣ್ಣನ್ನು ಎಷ್ಟರಮಟ್ಟಿಗೆ ತೊಳೆದರೆ ಸಾಕೆಂಬ ಜಗಳವೇ ಹದಿನೈದು ವರ್ಷ ದಾಟಿತು.

ಅದೃಷ್ಟಕ್ಕೆ ಈಗ ನಿಯಮವೊಂದು ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಲಿನ ನಿವೇಶನಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಸಂಶಯವಿರುವ ಜಾಗಗಳ ವರದಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಂಡಳಿ 90 ದಿನದೊಳಗೆ ಪ್ರಾಥಮಿಕ ತನಿಖೆ ಮಾಡಬೇಕು, ಕೆಡಿಸಿದವನೇ ಶುದ್ಧಿಯ ಖರ್ಚು ಹೊರಬೇಕು. ಹಿಲ್ಟ್ ಬಂದದ್ದು ಇದಾದ ನಾಲ್ಕು ತಿಂಗಳಿಗೆ. ಮಣ್ಣಿನ ಪರೀಕ್ಷೆಯ ವರದಿ ಇಲ್ಲದೆ ಯಾವ ಕಾರ್ಖಾನೆಯ ನೆಲಕ್ಕೂ ಬಳಕೆ ಬದಲಾವಣೆ ಕೊಡಬಾರದು. ಆ ವರದಿಯನ್ನು ಅಂಗಡಿ ಬಾಡಿಗೆಗೆ ಪಡೆಯುವವನಿಗೂ ಫ್ಲ್ಯಾಟ್ ಕೊಳ್ಳುವವನಿಗೂ ತೋರಿಸಬೇಕು.

ಹಾಗಾದರೆ ನಗರದಿಂದ ಹೊರಟ ಕಾರ್ಖಾನೆ ಎಲ್ಲಿಗೆ ಹೋಗುತ್ತದೆ? 2024ರಲ್ಲಿ ನ್ಯಾಲ್ಕಲ್ ಮಂಡಲದ ಡಪ್ಪೂರು, ಮಲ್ಗಿ, ವಡ್ಡಿ ಹಳ್ಳಿಗಳಲ್ಲಿ ಸುಮಾರು 2,000 ಎಕರೆಯ ಫಾರ್ಮಾ ವಿಲೇಜ್ ಪ್ರಸ್ತಾಪ ಬಂತು; ರೈತರು ಹೊಲ ಕೊಡುವುದಿಲ್ಲವೆಂದು ಬೀದಿಗಿಳಿದರು. ನಕ್ಷೆ ಬಿಡಿಸಿ ನೋಡಿದರೆ ಇನ್ನೊಂದು ಭಯ ಕಾಣುತ್ತದೆ. ಪಟಾನ್‌ಚೆರುವಿನ ಹಳ್ಳ ಮಂಜೀರಾ ಸೇರುವುದು ಸಿಂಗೂರು ಅಣೆಕಟ್ಟೆಯ ಕೆಳಗೆ. ನ್ಯಾಲ್ಕಲ್ ಇರುವುದು ಸಿಂಗೂರಿನ ಮೇಲೆ. ಆ ಜಲಾಶಯದ ನೀರನ್ನು ಹೈದರಾಬಾದ್ ಕುಡಿಯುತ್ತದೆ, ಬಸವೇಶ್ವರ-ಸಂಗಮೇಶ್ವರ ಯೋಜನೆಗಳು ಅಲ್ಲಿಂದಲೇ ನೀರೆತ್ತಬೇಕು.

ನ್ಯಾಲ್ಕಲ್-ಝರಾಸಂಗಂ ನೆಲವನ್ನು ಕಡತಗಳು ‘ಒಣಭೂಮಿ’ ಎಂದು ಬರೆದು ಮುಗಿಸುತ್ತವೆ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ನಿಂತು ನೋಡಬೇಕು. ಎರೆ ಹೊಲದಲ್ಲಿ ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ, ನಡುವೆ ಕಡಲೆ, ಅಂಚಿಗೆ ಮುಳ್ಳಿನ ಕುಸುಬೆ, ಅಲ್ಲಲ್ಲಿ ಅಗಸೆಯ ನೀಲಿ ಹೂವು. ನೀರು ಹಾಯಿಸಿದವರಿಲ್ಲ, ಇಬ್ಬನಿಯ ಮೇಲೆ ಬೆಳೆದ ಬೆಳೆ. ಅದೇ ದಿನಗಳಲ್ಲಿ ಸಿಂಗರಿಸಿದ ಎತ್ತಿನಗಾಡಿಗಳಲ್ಲಿ ಬಗೆಬಗೆಯ ಬೀಜ ತುಂಬಿಕೊಂಡು ಮಹಿಳೆಯರು ಹಳ್ಳಿಯಿಂದ ಹಳ್ಳಿಗೆ ಹೊರಡುತ್ತಾರೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಈ ‘ಪಾತ ಪಂಟಲ ಜಾತರ’, ಹಳೇ ಬೆಳೆಗಳ ಜಾತ್ರೆ, ತಿಂಗಳ ತನಕ ನಡೆಯುತ್ತದೆ. ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರು ಮೈಸೂರಿನ ಪಿ.ವಿ. ಸತೀಶ್, ದೂರದರ್ಶನದ ಕೆಲಸ ಬಿಟ್ಟು ಇಲ್ಲಿ ನೆಲೆ ನಿಂತವರು, 2023ರಲ್ಲಿ ತೀರಿಕೊಂಡರು. ಹೆಚ್ಚಿನವರು ದಲಿತ ಹೆಣ್ಣುಮಕ್ಕಳಾದ ಈ ಸಂಘಗಳು 2008ರಿಂದ ಝರಾಸಂಗಂನ ಮಾಚನೂರಿನಲ್ಲಿ ತಮ್ಮದೇ ರೇಡಿಯೊ ನಡೆಸಿದವು; 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ದೇಶಕ್ಕೆ ಸಿರಿಧಾನ್ಯದ ಪಾಠ ಹೇಳಿದ ಮಣ್ಣೇ ನಿಮ್ಜ್ ನಕ್ಷೆಯೊಳಗೂ ಇದೆ.

ಈ ಹಳ್ಳಿಗಳ ಕೂಲಿಕಾರರು ಒಂದು ದೊಡ್ಡ ಕೆಲಸವನ್ನೂ ಮಾಡಿದರು. 2015ರ ಜೀವೋ (ಸರ್ಕಾರಿ ಆದೇಶ) 123ರ ಪ್ರಕಾರ ಸರ್ಕಾರ ರೈತರಿಂದ ನೇರವಾಗಿ ನೆಲ ಕೊಳ್ಳತೊಡಗಿತ್ತು. ಪಟ್ಟಾ ಇದ್ದವನಿಗೆ ದುಡ್ಡು. ಆ ಹೊಲದಲ್ಲಿ ಕಳೆ ಕಿತ್ತು ಬದುಕುವವಳಿಗೆ ಏನೂ ಇಲ್ಲ. ನಿಮ್ಜ್ ಹಳ್ಳಿಗಳ ಭೂಹೀನರು ಹೈಕೋರ್ಟಿಗೆ ಹೋದರು, 2016ರ ಆಗಸ್ಟ್‌ನಲ್ಲಿ ಏಕಸದಸ್ಯ ಪೀಠ ಜೀವೋವನ್ನು ರದ್ದು ಮಾಡಿತು. ಮೇಲ್ಮನವಿ ನಡೆಯಿತು, ಆದರೂ ಕೂಲಿಕಾರರಿಗೆ ಪುನರ್ವಸತಿಯ ಆದೇಶಗಳನ್ನು ಸರ್ಕಾರ ಹೊರಡಿಸಲೇಬೇಕಾಯಿತು.

ನಗರದಲ್ಲಿ ಹಳೇ ಕಾರ್ಖಾನೆಯ ನೆಲಕ್ಕೆ ಪೈಪೋಟಿ ಇದ್ದರೆ, ಸಣ್ಣ ಊರಲ್ಲಿ ಅದನ್ನು ಕೇಳುವವರೇ ಇಲ್ಲ. ತಾಂಡೂರಿಗೆ ಹೋಗಿ ನೋಡಿ. ಪಾಲಿಶ್ ಘಟಕದೊಳಗೆ ಪರ್ಸಿ ಕಲ್ಲಿನ ಹಾಸಿನ ಮೇಲೆ ಚಕ್ರ ತಿರುಗುತ್ತದೆ, ನೀರು ಸುರಿಯುತ್ತಲೇ ಇರುತ್ತದೆ, ಕಲ್ಲಿನ ಬಿಳಿ ರಾಡಿ ಕಾಲುವೆಗುಂಟ ಹರಿದು ರಸ್ತೆ ಬದಿಗೆ ಗುಡ್ಡೆಯಾಗುತ್ತದೆ. ಒಣಗಿದ ಮೇಲೆ ಲಾರಿ ಹೋದಾಗಲೆಲ್ಲ ಏಳುವ ಹುಡಿ ಬೇವಿನೆಲೆಯ ಮೇಲೂ ಕೂತಿರುತ್ತದೆ. ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ಪರ್ಸಿಯ ಬೇಡಿಕೆ ಕುಗ್ಗಿತು. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆನೀರು ನಿಂತಿದೆ. ಗಡಿ ದಾಟಿ ಸೇಡಂ ತಾಲ್ಲೂಕಿಗೆ ಬಂದರೆ ಕುರಕುಂಟಾ. ಕೇಂದ್ರದ ಸಿಮೆಂಟ್ ಕಾರ್ಪೊರೇಷನ್ ತಾಂಡೂರಿನಲ್ಲಿ ಇವತ್ತಿಗೂ ಸಿಮೆಂಟ್ ಮಾಡುತ್ತಿದೆ. ಅದರದೇ ಕುರಕುಂಟಾ ಕಾರ್ಖಾನೆ 1990ರ ದಶಕದಲ್ಲಿ ನಿಂತದ್ದು ಮತ್ತೆ ಏಳಲಿಲ್ಲ. ಬೀದರ ಜಿಲ್ಲೆಯ ಹಳ್ಳಿಖೇಡದ ಬಿಎಸ್‌ಎಸ್‌ಕೆ ಸಕ್ಕರೆ ಕಾರ್ಖಾನೆಯಲ್ಲೂ ವರ್ಷಗಳಿಂದ ಕಬ್ಬು ಅರೆದಿಲ್ಲ. ಕಲಬುರಗಿಯ ಬಟ್ಟೆ ಗಿರಣಿ ಎಂಎಸ್‌ಕೆ ಮಿಲ್ ಬಡಾವಣೆಯ ಹೆಸರಾಗಿ ಉಳಿದಿದೆ.

ಇಂಥ ಜಾಗಗಳಿಗೆ ಗಾಜಿನ ಮಾಲ್ ಬೇಡ, ನಡೆಯುವುದೂ ಇಲ್ಲ. ಈ ಭಾಗಕ್ಕೆ ಬೇಕಾದದ್ದು ಗೋದಾಮು, ಶೀತಲಗೃಹ, ಬೇಳೆ ಮಿಲ್ಲು, ತೂಕದ ಕಾಟಾ, ಸಣ್ಣ ಉದ್ಯಮಿಗೆ ಬಾಡಿಗೆ ಶೆಡ್ಡು, ಅವುಗಳ ಮುಂದೆ ಅಂಗಡಿ ಸಾಲು. ಜಹೀರಾಬಾದಿನ ಶುಂಠಿ, ಆಲೂಗಡ್ಡೆ ಇವೆ. ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಬಂದಿದೆ. ಎರಡೂ ಒಂದೇ ಸುಣ್ಣಕಲ್ಲಿನ ಎರೆಯಲ್ಲಿ ಬೆಳೆದು ಬೇರೆ ಬೇರೆ ರಾಜ್ಯದ ಮಾರುಕಟ್ಟೆಗೆ ಹೋಗುತ್ತಿವೆ. ಕುರಕುಂಟಾ ನೆಲ ಕೇಂದ್ರದ್ದು, ವಾಡಿ-ಸಿಕಂದರಾಬಾದ್ ರೈಲು ಮಾರ್ಗ ಅಲ್ಲಿಯೇ ಹಾದುಹೋಗುತ್ತದೆ, ಸಿಮೆಂಟಿಗೆಂದು ಎಳೆದ ರಸ್ತೆ-ವಿದ್ಯುತ್ತಿನ ದಾರಿ ಮೊದಲೇ ಇದೆ. ಎರಡು ರಾಜ್ಯಗಳೂ ಕೇಂದ್ರವೂ ಒಂದು ಮೇಜಿಗೆ ಕೂತು, ಗಡಿಯ ಎರಡೂ ಬದಿಯ ತೊಗರಿಗೆ ಅಲ್ಲೊಂದು ಬೇಳೆ ಪಾರ್ಕ್ ಮಾಡಲು ಹೊಸದಾಗಿ ಒಂದು ಎಕರೆ ಹೊಲವನ್ನೂ ಕೇಳಬೇಕಾಗಿಲ್ಲ.